ಅರಮನೆಯ ಕಡೆಯ ಕಿಟಕಿ

ನವೆಂಬರ್ 2, ಸಂಜೆ

ಕಾಲೇಜಿನ ಉತ್ತರ ಪತ್ರಿಕೆಗಳು ಇನ್ನೂ ಅರ್ಧ ಬಾಕಿ. ಬದಿಗಿಟ್ಟೆ. ಊಟದ ಮೇಜಿನ ಮೇಲೆ ರೈಲಿನ ನಕ್ಷೆ ಹರಡಿ ಕುಳಿತೆ. ಬೆಳಗಿನ ಗಾಡಿಗೆ ಹೋಗಿ ರಾತ್ರಿಯದಕ್ಕೆ ವಾಪಸ್. ಸ್ಟೇಷನ್ನಿನಿಂದ ಬೆಟ್ಟದ ಮೇಲಕ್ಕೆ ವ್ಯಾನ್ ಇದೆಯಂತೆ.

ಅತ್ತೆಗೆ ಈ ಅರಮನೆಯ ಹುಚ್ಚು ಹಳೆಯದು. ಹೊಲಿಗೆ ಅಂಗಡಿ ನಡೆಸುತ್ತಿದ್ದಷ್ಟು ಕಾಲ ಗುಂಡಿಗಳನ್ನು ಹಾಕಿಡುತ್ತಿದ್ದ ತಗಡಿನ ಡಬ್ಬಿಯ ಮುಚ್ಚಳದ ಮೇಲೆ ಇದ್ದದ್ದು ಅದರದೇ ಚಿತ್ರ. ಬೆಟ್ಟ, ಬಿಳಿ ಗೋಡೆ, ಸಾಲು ಕಮಾನು. "ಒಂದ್ಸಲ ನಿಜವಾದ್ದು ನೋಡ್ಬೇಕು ಕಣೇ" — ನಾನು ಸೊಸೆಯಾಗಿ ಬಂದಾಗಿನಿಂದ ಕೇಳುತ್ತಿದ್ದೇನೆ. ಈಗ ಡಾಕ್ಟರು ಹೇಳಿದ್ದಾರೆ: ಎಡಗಣ್ಣು ಹೋಯಿತು, ಬಲಗಣ್ಣು ಎಷ್ಟು ದಿನವೋ...

ನಕ್ಷೆಯಲ್ಲಿ ಬೆಟ್ಟ ಬರುವುದು ಎಡಕ್ಕೆ. ಎಡಬದಿಯ ಕಿಟಕಿಯನ್ನೇ ಹುಡುಕಿ ಬುಕ್ ಮಾಡಿದೆ.

ಇವರು ಇಣುಕಿ, "ಅರಮನೆ ನೋಡೋಕೆ ಹೊರಟಿದೀರೋ, ದಂಡೆತ್ತಿ ಹೊರಟಿದೀರೋ?" ಅಂದರು.

ನವೆಂಬರ್ 5

"ಯಾವ ಬಟ್ಟೆ ಹಾಕ್ಕೊಳ್ಳಲೇ?"

"ಯಾವುದಾದ್ರೂ ಹಾಕ್ಕೊಳ್ಳಿ ಅತ್ತೆ."

"ಯಾವುದಾದ್ರೂ ಅಂದ್ರೆ? ಹೋಗ್ತಿರೋದು ಅರಮನೆಗೆ, ತರಕಾರಿ ಅಂಗಡಿಗಲ್ಲ."

ಹಳೆಯ ಜಾಕೆಟ್ಟೊಂದರ ಅಂಚನ್ನು ಬೆರಳಿನಿಂದ ತಡವಿ, ಹೊಲಿಗೆ ಬಿಟ್ಟ ಜಾಗ ಹಿಡಿದುಕೊಟ್ಟರು. ನನಗೆ ಕಂಡಿರಲಿಲ್ಲ.

ನವೆಂಬರ್ 19

ಬರೆಯಲಾಗಲಿಲ್ಲ. ಆಸ್ಪತ್ರೆ. ಇಂಜೆಕ್ಷನ್. ಕಾಯುವ ಬೆಂಚು. ಮತ್ತೆ ಇಂಜೆಕ್ಷನ್.

ಬಲಗಣ್ಣಿನಲ್ಲೂ ನಡುವಿನ ನೋಟ ಹೋಯಿತು. ಅಂಚಿನ ನೋಟ ಉಳಿಯಬಹುದು ಅಂದರು ಡಾಕ್ಟರು. ಅತ್ತೆ ನನ್ನ ಕಡೆ ನೇರ ನೋಡಿ, "ಮುಖ ಇರೋ ಕಡೆ ಹೊಗೆ ಕೂತಿದೆ" ಎಂದರು.

ಇವರು ಅಡುಗೆಮನೆಗೆ ಬಂದು ಪಿಸುದನಿಯಲ್ಲಿ, "ಟಿಕೆಟ್ ಕ್ಯಾನ್ಸಲ್ ಮಾಡ್ಬಿಡು. ಅಷ್ಟು ದೂರ ಹೋಗಿ ಏನೂ ಕಾಣ್ಲಿಲ್ಲ ಅಂದ್ರೆ ಅಮ್ಮ ಕುಸಿದುಹೋಗ್ತಾಳೆ."

ಹಾಲ್‌ನಿಂದ ಕೂಗು: "ಹೋಗಿರೋದು ಕಣ್ಣು ಕಣೋ, ಕಿವಿಯಲ್ಲ!"

ಕ್ಯಾನ್ಸಲ್ ಮಾಡಲಿಲ್ಲ. ಆದರೆ ಇವರ ಮಾತು ಸುಳ್ಳಲ್ಲ. ಅಲ್ಲಿಗೆ ಹೋಗಿ ಬರೀ ಹೊಗೆ ಕಂಡರೆ, ಇಷ್ಟು ವರ್ಷ ಮನಸ್ಸಿನಲ್ಲಿ ಕಟ್ಟಿಕೊಂಡ ಅರಮನೆಯನ್ನೂ ಕೈಯಾರೆ ಕಿತ್ತುಕೊಂಡಂತೆ. ಕವಿತೆಯ ಪುಸ್ತಕ ತೆಗೆದೆ. ಒಂದು ಸಾಲೂ ಒಳಗಿಳಿಯಲಿಲ್ಲ.

ನವೆಂಬರ್ 23, ರೈಲಿನಲ್ಲಿ

ಅಕ್ಷರ ಕುಣಿಯುತ್ತಿದೆ.

ಜಂಕ್ಷನ್ನಿನಲ್ಲಿ ಎಂಜಿನ್ ಕಳಚಿ ಹಿಂದಕ್ಕೆ ತಂದು ಜೋಡಿಸಿದರು. ಗಾಡಿ ಬಂದ ದಿಕ್ಕಿಗೇ ಹೊರಟಿತು. ಎಡ ಬಲವಾಯಿತು! ಬೆಟ್ಟ ಈಗ ಆಚೆ ಬದಿಗೆ.

"ಎಂ.ಎ. ಮಾಡಿದೋಳಿಗೆ ರೈಲು ತಿರುಗೋದು ಗೊತ್ತಾಗ್ಲಿಲ್ವೇನೇ!" — ಅತ್ತೆಯ ಮಾತಿಗೆ ಬೋಗಿಯಲ್ಲಿದ್ದವರೆಲ್ಲ ನಕ್ಕರು.

ಆಚೆ ಬದಿಯ ಕಿಟಕಿಯಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸು, "ಬನ್ನಿ ಅಜ್ಜಿ, ಇಲ್ಲಿ ಕೂತ್ಕೊಳ್ಳಿ" ಎಂದು ಎದ್ದಳು. ಅವಳ ಗಂಡನೂ ಎದ್ದ. ನಾನು ಅತ್ತೆಯ ಎದುರಿಗೆ ಕುಳಿತೆ. ಬೆಟ್ಟ ಬಂತು. ತುದಿಯಲ್ಲಿ ಅರಮನೆ, ಬಿಸಿಲಿಗೆ ಹಾಲಿನ ಹಾಗೆ. ಅತ್ತೆ ಗಾಜಿಗೆ ಹಣೆ ಒತ್ತಿ ನೇರ ನೋಡಿದರು.

"ಏನೂ ಇಲ್ಲ."

ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದರು.

"ಹೊಗೆ."

ಬಯ್ಯಲೆಂದೇ ನನ್ನ ಕಡೆ ತಿರುಗಿದರು. "ಎಲ್ಲಾ ನಿನ್ನಿಂದ್ಲೇ, ನೀನು—" ಮಾತು ಅಲ್ಲೇ ನಿಂತಿತು.

"ಅಲ್ಲಾಡ್ಬೇಡ."

"ಏನಾಯ್ತು ಅತ್ತೆ?"

"ಹಾಗೇ ಇರು. ನಿನ್ನ ನೋಡಿದ್ರೆ ಅದು ಕಾಣ್ತಿದೆ. ಕಣ್ಣಿನ ಮೂಲೇಲಿ. ಬೆಳ್ಳಗೆ... ಇಷ್ಟು ದೊಡ್ಡದೇನೇ ಅದು?"

ಕವಿತೆಯೂ ಹೀಗೇ ಅಲ್ಲವೇ, ನೇರ ದಿಟ್ಟಿಸಿದರೆ... ಬೇಡ. ಹೋಲಿಕೆ ಬೇಡ.

ಅದೇ ದಿನ, ಮಧ್ಯಾಹ್ನ, ಬೆಟ್ಟದ ಮೇಲೆ

ಅಂಗಳದ ಕಲ್ಲುಬೆಂಚು. ಅತ್ತೆ ಪಕ್ಕದಲ್ಲಿ ಕಾಲು ನೀವಿಕೊಳ್ಳುತ್ತಿದ್ದಾರೆ.

ವ್ಯಾನ್ ಇಳಿದೊಡನೆ ನನ್ನ ತೋಳು ಹಿಡಿದು ಹಿಂದೆ ಮುಂದೆ ಸರಿಸಿ, ಅಳತೆಗೆ ನಿಲ್ಲಿಸಿದ ಗಿರಾಕಿಯಂತೆ ನಿಲ್ಲಿಸಿದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಹೇಳತೊಡಗಿದರು. "ಕಮಾನು. ಅದರ ಮೇಲೆ ಇನ್ನೊಂದು ಕಮಾನು. ಅಯ್ಯೋ, ಎಷ್ಟು ಕಿಟಕಿ! ಒರೆಸೋರ ಗತಿ ಏನೇ?"

ಬಾಯಿ ತೆರೆದೇ ಇತ್ತು. ಕೆನ್ನೆ ಒದ್ದೆ. ಕಣ್ಣು ನನ್ನ ಮೇಲೆ.

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಅಷ್ಟು ಬೆರಗಿನಿಂದ ನೋಡಿರಲಿಲ್ಲ. ಆ ಬೆರಗು ನನಗೆ ಸೇರಿದ್ದಲ್ಲ, ಗೊತ್ತು. ಆದರೂ ಅದರ ದಾರಿಯಲ್ಲಿ ನಿಂತಿದ್ದೆ. ಅರಮನೆ ಬೆನ್ನ ಹಿಂದೆಯೇ ಇತ್ತು. ಈಗಲೂ ಇದೆ. ತಿರುಗಿ ನೋಡಲು ಇನ್ನೂ ಮನಸ್ಸಾಗಿಲ್ಲ.

ಕರೆಯುತ್ತಿದ್ದಾರೆ. "ಎಷ್ಟು ಹೊತ್ತು ಗೀಚ್ತೀಯೇ? ಏಳು. ಒಳಗಿನ ದರ್ಬಾರ್ ಹಾಲ್ ನೋಡ್ಬೇಕು ನಾನು, ನೀನು ಬಂದು ಎದುರಿಗೆ ನಿಂತ್ಕೋ, ಚೂರು ಪಕ್ಕಕ್ಕೆ."