ಇಂದುಮತಿ ಪತ್ತಾರ ಅವರ ಎರಡನೇ ಹಾಳೆ

ಹುಬ್ಬಳ್ಳಿ,
ಉಳಿಕೆ ತಿಂಗಳು, ತಾರೀಖು ಹದಿನೇಳು, 2184

ಶ್ರೀಮತಿ ಇಂದುಮತಿ ಪತ್ತಾರ ಅವರಿಗೆ,

ತಾರೀಖು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆ ಎಂದು ಈ ಕಾಗದವನ್ನು ಮಡಚಿ ಇಡಬೇಡಿರಿ. ನಾವು ವರ್ಷಕ್ಕೆ ಹದಿಮೂರು ತಿಂಗಳು ಮಾಡಿಕೊಂಡು ಅರವತ್ತು ವರ್ಷಗಳಾದವು. ಒಂದೊಂದಕ್ಕೂ ಇಪ್ಪತ್ತೆಂಟು ದಿನ. ಹದಿಮೂರನೆಯದಕ್ಕೆ ಯಾರಿಗೂ ಒಳ್ಳೆಯ ಹೆಸರು ಹೊಳೆಯಲಿಲ್ಲ, ಉಳಿದ ದಿನಗಳೆಂದು ಉಳಿಕೆ ಅಂದರು, ಅದೇ ನಿಂತಿತು. ನನ್ನ ಮಾತಿನ ಧಾಟಿಯೂ ನಿಮಗೆ ಅಪರಿಚಿತ ಅನ್ನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಾಗದಗಳನ್ನು ಓದಿ ಕಲಿತವಳು, ಕೇಳಿ ಕಲಿತವಳಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ನಿಮ್ಮನ್ನು ಅಕ್ಕಾ ಎನ್ನಬೇಕೋ ತಂಗಿ ಎನ್ನಬೇಕೋ ಅದೂ ತಿಳಿಯದು. ನೀವು ಬರೆದಾಗ ನಿಮಗೆ ಮೂವತ್ತಾರು, ನನಗೀಗ ಅರವತ್ತೊಂದು. ಹುಟ್ಟಿದ ವರ್ಷ ಹಿಡಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಅಕ್ಕಾ ಎಂದೇ ಅನ್ನುತ್ತೇನೆ.

ನನ್ನ ಹೆಸರು ನೀಲಾ ಬಂಕಾಪುರ. ಹಳೆಯ ಯಂತ್ರಗಳ ಕೋಠಿಯಲ್ಲಿ ಮೂವತ್ತನಾಲ್ಕು ವರ್ಷಗಳಿಂದ ರಿಪೇರಿ ಕೆಲಸ ಮಾಡುತ್ತಿದ್ದೇನೆ. ನೀವು ಮನೆಯಲ್ಲಿ ಇಟ್ಟುಕೊಂಡಿದ್ದಂಥ ಕಂಪ್ಯೂಟರುಗಳನ್ನು ನಾವು ಬಿಚ್ಚಿ, ಒರೆಸಿ, ನಡೆಯುವುದಾದರೆ ನಡೆಯಿಸಿ, ಗಾಜಿನ ಹಿಂದೆ ಇಡುತ್ತೇವೆ. ನೋಡಲು ಬರುವವರು ಕಡಿಮೆ. ಬೆಳಗಿನ ಒಂಬತ್ತರಿಂದ ಸಂಜೆ ಐದರವರೆಗೆ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಹೊತ್ತನ್ನು ನಾವು ನೆರಳುಗಂಟೆ ಎನ್ನುತ್ತೇವೆ. ಉಣಕಲ್ ಕೆರೆಯ ನೀರು ಆರಿಹೋಗಬಾರದೆಂದು ಅದರ ಮೇಲೂ ಮಾಡು ಹಾಕಿದ್ದಾರೆ. ಜೋಳದ ರೊಟ್ಟಿ ಇನ್ನೂ ಇದೆ ಎಂದು ಹೇಳಿದರೆ ನಿಮಗೆ ಸಮಾಧಾನವಾದೀತು, ಆದರೆ ಅದು ಗೋಡೆಯ ಕಂಡಿಯಿಂದ ಸುಟ್ಟೇ ಬರುತ್ತದೆ. ರೊಟ್ಟಿ ಬಡಿಯುವ ಸಪ್ಪಳ ಹೇಗಿತ್ತೆಂದು ನಾನು ಕೇಳಿಲ್ಲ.

ನಮ್ಮಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿದಾಗಿನಿಂದ ಒಂದು ಅರಿವಾಳು ಇರುತ್ತದೆ. ಮನುಷ್ಯರಲ್ಲ, ದನಿ ಮಾತ್ರ. ಏನು ಕೇಳಿದರೂ ಉತ್ತರ ಹೇಳುತ್ತದೆ, ಬೇಸರ ಮಾಡಿಕೊಳ್ಳುವುದಿಲ್ಲ, ತಪ್ಪುವುದೂ ಅಪರೂಪ. ಅದರಿಂದ ಒಂದು ಹೊಸ ಮರ್ಯಾದೆ ಹುಟ್ಟಿಕೊಂಡಿದೆ. ಅರಿವಾಳಿಗೆ ಕೇಳಬಹುದಾದದ್ದನ್ನು ಇನ್ನೊಬ್ಬ ಮನುಷ್ಯನಿಗೆ ಕೇಳಿದರೆ ಅದಕ್ಕೆ ಬಾಯಿಹೊರೆ ಎನ್ನುತ್ತಾರೆ, ನಿಮ್ಮ ಭಾರವನ್ನು ಅವರ ಬಾಯಿಯ ಮೇಲೆ ಹೊರಿಸಿದಿರಿ ಎಂದು ಅರ್ಥ. ಶಿಕ್ಷೆಯೇನೂ ಇಲ್ಲ. ಎದುರಿನವರು ಗಾಬರಿಯಾಗಿ, "ಯಾಕ್ರೀ, ನಿಮ್ಮ ಅರಿವಾಳು ಕೆಟ್ಟೈತೇನ್ರೀ?" ಎಂದು ಮರುಕದಿಂದ ನೋಡುತ್ತಾರೆ, ಅಷ್ಟೆ. ಆ ನೋಟ ಒಮ್ಮೆ ತಿಂದವರು ಮತ್ತೆ ಕೇಳಲು ಹೋಗುವುದಿಲ್ಲ. ನಾನು ತಿಂದಿದ್ದೇನೆ. ನನ್ನ ತಂಗಿ ತೀರಿಕೊಂಡ ಮೇಲೆ ಇಡೀ ದಿನ ಯಾರೊಂದಿಗೂ ಒಂದು ಮಾತೂ ಆಡದೆ ಮಲಗಿದ ದಿನಗಳೇ ಹೆಚ್ಚು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ನೀವು ನೂರ ತೊಂಬತ್ತು ವರ್ಷ ದೂರದಲ್ಲಿದ್ದೀರಿ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಕೋಠಿಯ ಕಪಾಟಿನಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ನಿಮ್ಮ ಬಳಗದ್ದು. ದುರ್ಗದ ಬೈಲಿನ ಹತ್ತಿರ ವಿರೂಪಾಕ್ಷಪ್ಪ ಗಾಣಿಗೇರರ ರೇಡಿಯೋ ರಿಪೇರಿ ಅಂಗಡಿ, ಅದರ ಮಹಡಿಯ ಮೇಲೆ ತಿಂಗಳ ಎರಡನೇ ರವಿವಾರ ಮನೆ ಕಂಪ್ಯೂಟರ್ ಇದ್ದವರೆಲ್ಲ ಸೇರುತ್ತಿದ್ದಿರಿ, ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಫ್ಲಾಪಿಯಲ್ಲಿ ಪುಕ್ಕಟೆ ಒಯ್ಯುತ್ತಿದ್ದಿರಿ. ಡಬ್ಬಿಯಲ್ಲಿದ್ದ ನಲವತ್ತೊಂದು ಫ್ಲಾಪಿಗಳಲ್ಲಿ ಜೀವ ಇದ್ದದ್ದು ಒಂದಕ್ಕೆ. ಅದು ವಿರೂಪಾಕ್ಷಪ್ಪನವರೇ ಬರೆದ ಹಿರಿಯಕ್ಷರ ಎಂಬ ಪ್ರೋಗ್ರಾಮು, ಕನ್ನಡವನ್ನು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವಂಥದು. ಅದರ ಮೊದಲಲ್ಲಿ ಅವರು, ಆಗ ಬೇರೆ ದಾರಿಯಿಲ್ಲದೆ ಇಂಗ್ಲಿಷ್ ಅಕ್ಷರಗಳಲ್ಲಿ, ಹೀಗೆ ಬರೆದಿದ್ದಾರೆ: "ಇದು ಯಾರಪ್ಪನ ಆಸ್ತೀನೂ ಅಲ್ಲ. ತೊಗೊಂಡ ಹೋಗ್ರಿ, ಇನ್ನೊಬ್ಬರಿಗೆ ಕೊಡ್ರಿ. ಕೊಡೂ ಮುಂದ ನಿಮ್ಮ ಹೆಸರು, ನಿಮಗ ಬಂದ ತ್ರಾಸು, ನೀವು ಕಂಡ ಉಪಾಯ ಕೆಳಗ ಬರೀರಿ. ಫ್ಲಾಪಿ ಹಾಕೂ ಕಿಂಡಿ ಒಂದ ಇದ್ದವರು ಒಬ್ಬರ ಕುಂತು ಕಾಪಿ ಮಾಡಬ್ಯಾಡ್ರಿ. ಒಬ್ಬರು ಹಾಕ್ರಿ, ಒಬ್ಬರು ಹೆಸರು ಕೂಗ್ರಿ. ಇಲ್ಲಾಂದ್ರ ಕೆಡಸ್ತೀರಿ."

ಕೆಳಗೆ ಇಪ್ಪತ್ತಾರು ಜನರ ಬರಹ. ಒಬ್ಬರಿಗೆ ಒತ್ತಕ್ಷರ ಮುರಿದು ಬರುತ್ತದೆ, ಮುಂದಿನವರು ಅದಕ್ಕೆ ಉಪಾಯ ಹೇಳುತ್ತಾರೆ. ಒಬ್ಬರ ಪ್ರಿಂಟರ್ ಕಾಗದ ನುಂಗುತ್ತದೆ, ಇನ್ನೊಬ್ಬರು ಅದನ್ನು ಬೈಯುವ ರೀತಿ ಹೇಳಿಕೊಡುತ್ತಾರೆ. ಇಷ್ಟೊಂದು ಜನ ಒಬ್ಬರನ್ನೊಬ್ಬರು ಇಷ್ಟು ಸರಾಗವಾಗಿ ಕೇಳುತ್ತಿದ್ದರು ಎಂಬುದನ್ನು ಓದುತ್ತ ಓದುತ್ತ ನಾನು ಅತ್ತೆ. ಅರಿವಾಳು ಇದನ್ನು ಮುಟ್ಟಲೇ ಇಲ್ಲ, ಯಾರ ಆಸ್ತಿಯೂ ಅಲ್ಲದ ಬರಹವನ್ನು ಅದು ಓದುವುದಿಲ್ಲ. ಹೀಗಾಗಿ ಎಲ್ಲವನ್ನೂ ನಾನೇ ಓದಿ, ಕೈಯಲ್ಲಿ ಬರೆದಿಟ್ಟುಕೊಂಡೆ.

ನಿಮ್ಮ ಫ್ಲಾಪಿ ಆ ಡಬ್ಬಿಯಲ್ಲಿ ಇರಲಿಲ್ಲ. ಅದು ಬೇರೆ ಮನೆಯಿಂದ, ಬೇರೆ ಕಾಲದಲ್ಲಿ ಕೋಠಿಗೆ ಬಂದು ಇನ್ನೊಂದು ಕಪಾಟಿನಲ್ಲಿ ಬಿದ್ದಿತ್ತು. ಅದೇ ಪ್ರೋಗ್ರಾಮಿನ ನಕಲು, ಕೆಳಗೆ ನಿಮ್ಮ ಬರಹ. "ಇಂದುಮತಿ ಪತ್ತಾರ, ಸಾಲಿ ಶಿಕ್ಷಕಿ, 36. ನಮ್ಮ ಅತ್ತಿಯವರಿಗೆ ಕಣ್ಣು ಮಂದ ಆಗ್ಯಾವು. ಅವರ ತಮ್ಮನ ಪತ್ರ ಎಲ್ಲಾ ದೊಡ್ಡ ಅಕ್ಷರದಾಗ ಮಾಡಿ ಕೊಡೂಣಂತ ತೊಗೊಂಡೆ. ಮೊದಲನೇ ಹಾಳಿ ಚಂದ ಬರ್ತದ, ಎರಡನೇ ಹಾಳಿಗೆ ನಿಂತ ಬಿಡ್ತದ. ಯಾರಿಗರೆ ಗೊತ್ತಿದ್ರ ತಿಳಸ್ರಿ." ಇದು ಜೂನ್ 1994. ಅದರ ಕೆಳಗೆ ಆಗಸ್ಟ್ ತಿಂಗಳದ್ದು: "ಎರಡ ಸಲ ಸಭಾಕ್ಕ ಹೋಗಿ ಬಂದೆ. ಎಲ್ಲಾರೂ ಗಂಡಸರು, ದೊಡ್ಡ ದೊಡ್ಡ ಮಾತಾಡ್ತಾರ. ಕೇಳಾಕ ನಾಚಿಕಿ ಆತು. ಅತ್ತಿಯವರು ದಿನಾ ಕೇಳ್ತಾರ, ಮುಂದಿಂದು ಬಂತೇನವಾ ಅಂತ. ದಿನದಿಂದ ದಿನಕ್ಕ ಕಣ್ಣು ಕಮ್ಮಿ ಆಗಾಕತ್ತಾವು." ಅಲ್ಲಿಗೆ ಮುಗಿಯಿತು. ಮುಂದೆ ಯಾರ ಬರಹವೂ ಇಲ್ಲ. ನೀವು ಅದನ್ನು ಯಾರ ಕೈಗೂ ಕೊಡಲಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಯನ್ನು ಯಾರೂ ಓದಲಿಲ್ಲ.

ಎರಡೂ ಫ್ಲಾಪಿಗಳನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿದೆ. ಎರಡು ವಾರ ಹಿಡಿಯಿತು. ಅಕ್ಕಾ, ಪ್ರೋಗ್ರಾಮಿನಲ್ಲಿ ದೋಷವಿಲ್ಲ. ನಿಮ್ಮ ಕಂಪ್ಯೂಟರಿಗೆ ಫ್ಲಾಪಿ ಹಾಕುವ ಕಿಂಡಿ ಒಂದೇ ಇತ್ತು. ಮೂಲ ಹಾಕು, ನಕಲು ಹಾಕು ಎಂದು ಅದು ಸರದಿಯಂತೆ ಕೇಳುತ್ತದೆ. ನೀವು ಮನೆಯಲ್ಲಿ ಒಬ್ಬರೇ ಕುಳಿತು ಬದಲಿಸುವಾಗ ನಡುವೆ ಒಂದು ಸಲ ಮೂಲ ಕೇಳಿದಾಗ ನಕಲನ್ನೇ ಹಾಕಿದ್ದೀರಿ. ಆದ್ದರಿಂದ ಎರಡನೇ ಹಾಳೆಯ ಕೆಲಸ ಮಾಡುವ ಭಾಗ ನಿಮ್ಮ ಫ್ಲಾಪಿಗೆ ಬರಲೇ ಇಲ್ಲ. ಆ ಜಾಗದಲ್ಲಿ ಮೊದಲಿನಿಂದ ಇದ್ದ ನಿಮ್ಮ ಶಾಲೆಯ ಮೂರನೇ ಇಯತ್ತೆಯ ಹಾಜರಿ ಪಟ್ಟಿ ಹಾಗೆಯೇ ಕುಳಿತಿದೆ. ಮಹಡಿಯ ಮೇಲೆ ಹೋದಾಗ ಒಂದು ಮಾತು ಕೇಳಿದ್ದರೆ ವಿರೂಪಾಕ್ಷಪ್ಪನವರು ಇನ್ನೊಂದು ನಕಲು ಮಾಡಿಕೊಡುತ್ತಿದ್ದರು. ಐದು ನಿಮಿಷದ ಕೆಲಸ.

ಇದನ್ನು ನಿಮ್ಮನ್ನು ಜರೆಯಲು ಬರೆಯುತ್ತಿಲ್ಲ. ಜರೆಯುವ ಯೋಗ್ಯತೆ ನನಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಗೋಡೆಯ ಆಚೆ ತುಂಗವ್ವ ಎಂಬವರು ಒಂಬತ್ತು ವರ್ಷಗಳಿಂದ ಇದ್ದಾರೆ. ಎಂಬತ್ತು ದಾಟಿದವರು. ಕಣ್ಣು ಬದಲಿಸಿಕೊಳ್ಳಲು ಒಪ್ಪಲಿಲ್ಲ ಎಂದು ಕೇಳಿದ್ದೆ. ನೆರಳುಗಂಟೆಯಲ್ಲಿ ನಮ್ಮಿಬ್ಬರಿಗೂ ಕೂಡಿದ ಪಡಸಾಲೆಯಲ್ಲಿ ಕುಳಿತು, ಕೈಬರಹದ ಒಂದು ನೋಟುಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಾರೆ, ಆಮೇಲೆ ಮುಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಹಿರಿಯಕ್ಷರ ನಡೆಯುತ್ತದೆ ಎಂದು ತಿಳಿದ ದಿನವೇ ಇದನ್ನು ಅವರಿಗೆ ಕೊಡಬೇಕು ಎಂದುಕೊಂಡೆ. ಇನ್ನೊಬ್ಬರಿಗೆ ಕೊಡಬಹುದಾದದ್ದು ನನ್ನ ಹತ್ತಿರ ಏನಾದರೂ ಇದ್ದದ್ದು ಎಷ್ಟೋ ವರ್ಷಗಳಲ್ಲಿ ಅದೊಂದೇ. ಕೋಠಿಯಿಂದ ಒಂದು ಯಂತ್ರವನ್ನೂ ಹಳೆಯ ಪ್ರಿಂಟರನ್ನೂ ಮನೆಗೆ ತಂದು ಸರಿಮಾಡಿದೆ, ಒಣಗಿದ ರಿಬ್ಬನ್ನಿಗೆ ಮಸಿ ಕಲಸಿ ಹಚ್ಚಿದೆ. ಆದರೆ ಮೂಲ ಫ್ಲಾಪಿಯನ್ನು ದಿನವೂ ನಡೆಸಿದರೆ ಸವೆದುಹೋದೀತು, ಅದನ್ನು ಎತ್ತಿಟ್ಟು ನಕಲಿನಲ್ಲೇ ಕೆಲಸ ಮಾಡಬೇಕು. ಬೇರೆ ಫ್ಲಾಪಿ ಎಲ್ಲಿಂದ ತರಲಿ? ನಿಮ್ಮದರ ಮೇಲೆಯೇ ಮೂಲವನ್ನು ಮತ್ತೆ ಇಳಿಸಿ ಅದನ್ನು ಸರಿಮಾಡುವುದು ಎಂದು ನಿಶ್ಚಯಿಸಿದೆ. ನಮ್ಮಲ್ಲಿರುವ ಯಂತ್ರಕ್ಕೂ ಒಂದೇ ಕಿಂಡಿ.

ಇಬ್ಬರು ಕುಳಿತುಕೊಳ್ಳಬೇಕೆಂದು ಓದಿದ್ದೆ. ತುಂಗವ್ವನನ್ನು ಕರೆಯಬಹುದಿತ್ತು, ಕಣ್ಣು ಕಾಣದಿದ್ದರೆ ಏನು, ಸರದಿ ನೆನಪಿಟ್ಟು ಹೆಸರು ಕೂಗಲು ಬಾಯಿ ಸಾಕು. ಮೂರು ಸಲ ಅವರ ಬಾಗಿಲವರೆಗೆ ಹೋದೆ. ಏನೆಂದು ಹೇಳಲಿ, ಎಲ್ಲಿಂದ ಸುರು ಮಾಡಲಿ, ನನ್ನ ಅರಿವಾಳು ಕೆಟ್ಟಿದೆ ಎಂದುಕೊಂಡರೆ? ಮೂರೂ ಸಲ ಹಿಂದಿರುಗಿ ಬಂದೆ. ನಾಲ್ಕನೆಯ ದಿನ ಒಬ್ಬಳೇ ಕುಳಿತೆ. ಎರಡರ ಮೇಲಿನ ಚೀಟಿಗಳೂ ಮಾಸಿಹೋಗಿದ್ದವು. ಮೂಲ ಎಂದು ಎಡಗೈಯಲ್ಲಿ ಹಿಡಿದದ್ದು ನಿಮ್ಮ ಫ್ಲಾಪಿ. ಮೊದಲ ಸಲವೇ ಅದಲು ಬದಲಾಗಿತ್ತು, ಹನ್ನೊಂದು ಸಲವೂ ಅದೇ ತಪ್ಪನ್ನು ಬಹಳ ಎಚ್ಚರದಿಂದ ಮಾಡಿದೆ. ಮುಗಿದಾಗ ಕೆಟ್ಟದ್ದು ಒಳ್ಳೆಯದರ ಮೇಲೆ ಅಚ್ಚುಕಟ್ಟಾಗಿ ಇಳಿದಿತ್ತು. ಇಪ್ಪತ್ತಾರು ಜನರ ಬರಹ ನನ್ನ ಕೈಬರಹದ ಪ್ರತಿಯಲ್ಲಿ ಉಳಿದಿದೆ. ಪ್ರೋಗ್ರಾಮಿನ ಎರಡನೇ ಭಾಗ ಮಾತ್ರ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಈಗ ಎರಡೂ ಫ್ಲಾಪಿಗಳಲ್ಲಿ ನಿಮ್ಮ ಮೂರನೇ ಇಯತ್ತೆಯ ಮಕ್ಕಳು ಹಾಜರಿದ್ದಾರೆ.

ಆ ದಿನ ನನಗಾದ ಸಂಕಟವನ್ನು ಬಣ್ಣಿಸಲಾರೆ. ಯಾರಿಗೂ ಗೊತ್ತಿಲ್ಲದ ವಸ್ತು, ಯಾರಿಗೂ ಗೊತ್ತಾಗದಂತೆ ಹೋಯಿತು. ಬೈಯಲಿಕ್ಕೂ ಒಬ್ಬರಿರಲಿಲ್ಲ. ಅರಿವಾಳು ನನ್ನ ಎದೆಬಡಿತ ಗಮನಿಸಿ ನೀರು ಕುಡಿಯಲು ಹೇಳಿತು. ಆ ಮಾತು ಕಿವಿಗೆ ಬಿದ್ದದ್ದಕ್ಕೇ ಇರಬೇಕು, ಎದ್ದು ನೇರವಾಗಿ ತುಂಗವ್ವನ ಬಾಗಿಲು ತಟ್ಟಿದೆ. ಕೊಡಲು ಕೈಯಲ್ಲಿ ಏನೂ ಇರಲಿಲ್ಲ, ಅದಕ್ಕೇ ಈ ಸಲ ಅಂಜಿಕೆಯೂ ಇರಲಿಲ್ಲ ಎಂದು ಕಾಣುತ್ತದೆ. ಬಾಗಿಲಲ್ಲಿ ನಿಂತೇ ನಿಮ್ಮ ಅತ್ತೆಯವರ ಕಣ್ಣಿನಿಂದ ಹಿಡಿದು ನನ್ನ ಎಡಗೈಯವರೆಗೆ ಎಲ್ಲವನ್ನೂ ಹೇಳಿದೆ. ಅವರು ನಡುವೆ ಒಂದು ಸಲವೂ ಅರಿವಾಳಿನ ಸುದ್ದಿ ಎತ್ತಲಿಲ್ಲ. ನನ್ನನ್ನು ಒಳಗೆ ಕರೆದು ಕೂರಿಸಿದರು.

ಆ ನೋಟುಪುಸ್ತಕ ಅವರೇ ಇಪ್ಪತ್ತನೇ ವಯಸ್ಸಿನಲ್ಲಿ ಬರೆದದ್ದಂತೆ. ತಮ್ಮದೇ ಅಕ್ಷರ ತಮಗೆ ಓದಲು ಬರುತ್ತಿಲ್ಲ. ಅರಿವಾಳು ಓದಿ ಹೇಳಬಲ್ಲದು, ಆದರೆ ಅದರಲ್ಲಿ ಬರೆದದ್ದು ಗಟ್ಟಿಯಾಗಿ ಕೇಳುವಂಥದಲ್ಲ ಎಂದು ನಕ್ಕರು. ಆಮೇಲೆ ಹೇಳಿದರು: "ಒಂದ ಹಾಳಿ ಬರ್ತದ ಅಂದೆಲ್ಲ. ಬಂದ್ ಮಾಡಿ ಮತ್ತ ಸುರು ಮಾಡಿದ್ರ ಅದು ಮತ್ತೊಂದನ್ನ ಮೊದಲನೇ ಹಾಳಿ ಅಂತ ತಿಳಕೊಳ್ಳೂದಿಲ್ಲೇನು? ದಿನಾ ಒಂದ ಮಾಡಿ ತಂದ ಕೊಡವಾ. ನನಗೇನ ಅವಸರ ಐತಿ?"

ಅಕ್ಕಾ, ಮೂವತ್ತನಾಲ್ಕು ವರ್ಷ ಈ ಯಂತ್ರಗಳ ಹೊಟ್ಟೆಯಲ್ಲಿ ಕೈ ಹಾಕಿದ ನನಗೆ ಅದು ಹೊಳೆದಿರಲಿಲ್ಲ. ನಿಮಗೂ ಹೊಳೆಯಲಿಲ್ಲ. ನಾವಿಬ್ಬರೂ ಒಬ್ಬೊಬ್ಬರೇ ಕುಳಿತು ಎರಡನೇ ಹಾಳೆಯನ್ನೇ ನೋಡುತ್ತಿದ್ದೆವು. ಮರುದಿನವೇ ಹಾಗೆ ಮಾಡಿ ನೋಡಿದೆ, ನಡೆಯಿತು. ಈಗ ದಿನವೂ ತುಂಗವ್ವ ನೋಟುಪುಸ್ತಕವನ್ನು ನನ್ನ ಕೈಗೆ ಕೊಡುತ್ತಾರೆ, ನಾನು ಒಂದು ಹಾಳೆಗೆ ಹಿಡಿಯುವಷ್ಟನ್ನು ದೊಡ್ಡದು ಮಾಡಿ ಮರುದಿನ ಒಯ್ಯುತ್ತೇನೆ. ಟೈಪು ಮಾಡುವಾಗ ಓದಬೇಡ ಎಂದಿದ್ದಾರೆ, ಅದು ಹೇಗೆ ಸಾಧ್ಯವೋ ನನಗೆ ತಿಳಿಯದು, ಅವರಿಗೂ ತಿಳಿದಿದೆ. ಉಳಿದ ಹೊತ್ತು ಮೊದಲಿನಂತೆಯೇ ಇದೆ. ಮನೆ ಅಷ್ಟೇ ಸುಮ್ಮನಿರುತ್ತದೆ.

ಈ ಕಾಗದ ಹಿಂದಕ್ಕೆ ಹೋಗುವ ದಾರಿ ನಮ್ಮ ಕಾಲದಲ್ಲೂ ಯಾರಿಗೂ ಸಿಕ್ಕಿಲ್ಲ. ಆದರೂ ಬಳಗದ ರಿವಾಜು ರಿವಾಜೇ, ಕೇಳಿದವರಿಗೆ ಉತ್ತರ ಬರೆಯಬೇಕು. ನಿಮ್ಮ ಫ್ಲಾಪಿಯಲ್ಲಿ ನಿಮ್ಮ ಎರಡನೇ ಬರಹದ ಕೆಳಗೆ ಇಷ್ಟು ಸೇರಿಸಿದ್ದೇನೆ: "ನೀಲಾ ಬಂಕಾಪುರ, ಯಂತ್ರ ರಿಪೇರಿ, 61. ಎರಡನೇ ಹಾಳೆಗೆ ನಿಂತರೆ ಪ್ರೋಗ್ರಾಮು ಬಂದ್ ಮಾಡಿ ಮತ್ತೆ ಸುರು ಮಾಡಿರಿ, ಸಲಕ್ಕೊಂದು ಹಾಳೆ ಬರುತ್ತದೆ. ಉಪಾಯ ನನ್ನದಲ್ಲ, ಪಕ್ಕದ ಮನೆಯ ತುಂಗವ್ವನದು."

ಎಲ್ಲಾದರೂ, ಹೇಗಾದರೂ ಇದು ನಿಮ್ಮ ಕೈಗೆ ಸಿಕ್ಕರೆ ಅತ್ತೆಯವರ ಹತ್ತಿರ ಮೊದಲು ಹೋಗಿರಿ, ಸಭೆಗೆ ಆಮೇಲೆ ಹೋದರಾಯಿತು. ಅವರಿಗೆ ಕಣ್ಣಿದ್ದ ಆ ಕೆಲವು ತಿಂಗಳಲ್ಲಿ ದಿನಕ್ಕೊಂದು ಹಾಳೆಯಂತೆ ತಮ್ಮನ ಪತ್ರಗಳೆಲ್ಲ ಮುಗಿಯಬಹುದಿತ್ತು. ಹೇಳಲು ಇಷ್ಟು ತಡವಾಯಿತು, ನನ್ನನ್ನು ಕ್ಷಮಿಸಿರಿ.

ನಿಮ್ಮ,
ನೀಲಾ