ಆರಡಿ ಎತ್ತರದ ಮೊಲದ ಗೂಡು

ಪ್ರೀತಿಯ ಅಕ್ಕನಿಗೆ,

ಹಿತ್ತಲಲ್ಲಿ ನಮ್ಮ ಮೊಲಗಳಿಗೆ ಜಾಲರಿಯ ಗೂಡು ಕಟ್ಟಿಸುತ್ತಿದ್ದೇನೆ. ನಕ್ಷೆ ಅಪ್ಪನದೇ. ನನ್ನ ಹೆಸರು ಮರೆತಿರುವ ಅವರಿಗೆ ಬಡಗಿ ಕೆಲಸದ ಅಳತೆ ಮರೆತಿಲ್ಲ. ಮೊಲಗಳು ಬಿಲ ತೋಡಿ ಹೊರಬೀಳದಂತೆ ಜಾಲರಿಯನ್ನು ಒಂದಡಿ ಮಣ್ಣಿನೊಳಗೆ ಹೂಳಬೇಕಂತೆ.

ಎತ್ತರವನ್ನು ಆರಡಿಗೆ ಏರಿಸಿದವನು ನಾನು. ಒಳಗೊಂದು ಬೆಂಚನ್ನೂ ಸೇರಿಸಿದೆ. ಕಳೆದ ವಾರ ಅಪ್ಪ ಎರಡು ಸಲ ರಸ್ತೆಗಿಳಿದು ದಾರಿ ತಪ್ಪಿದರು. ನಾನು ಕೆಲಸ ಬಿಟ್ಟು ಬಾಗಿಲು ಕಾಯುತ್ತ ಏಳು ತಿಂಗಳಾಯಿತು. ಮೊಲಗಳ ಜೊತೆಗಿದ್ದರೆ ಅವರು ಸುಮ್ಮನೆ ಕೂತಿರುತ್ತಾರೆ.

"ಬೆಂಚ್ ಯಾಕಯ್ಯಾ, ಮೊಲಗಳೇನು ಪೇಪರ್ ಓದ್ತಾವಾ?" ಎಂದು ಅಪ್ಪ ನಕ್ಕರು. ಆಮೇಲೆ, "ಚಿಲಕ ಹೊರಗಡೆ ಹಾಕ್ಸು. ಒಳಗಿರೋರ ಕೈಗೆ ಸಿಗಬಾರ್ದು," ಎಂದರು.

ಚಿಲಕ ತಂದಿಟ್ಟಿದ್ದೇನೆ. ಜಡಿಯುವ ಮೊದಲು ಒಮ್ಮೆ ಬಾ. ಬೇಡ ಅನ್ನುವುದಾದರೆ, ಅವರನ್ನು ಕರೆದೊಯ್ಯುವ ಸಿದ್ಧತೆ ಮಾಡಿಕೊಂಡು ಬಾ.

ನಿನ್ನ ತಮ್ಮ