ಇವರಿಗೆ ಮಾತ್ರ ರವೆ ಉಂಡೆ

ನೆರೂಳ, ಸೋಮವಾರ

ಅತ್ತೆಗೆ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ಇವರ ಕಿವಿಗೆ ಬೀಳುತ್ತದೆ, ಅದಕ್ಕೇ ಪತ್ರ. ನಿನ್ನೆ ಹಲ್ಲಿನ ಡಾಕ್ಟರು ಇವರ ಮುಂದಿನ ಎರಡು ಹಲ್ಲನ್ನು ಜೋಡಿಯಾಗಿ ಕಳಚಿ ಟ್ರೇಯಲ್ಲಿಟ್ಟರು. ಕಟ್ಟಿಸಿದ ಹಲ್ಲಂತೆ! ಹತ್ತೊಂಬತ್ತು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ.

ಆಟೋದಲ್ಲಿ ಕೇಳಿದರೆ, "ನಮ್ಮ ಹೋಟೆಲಲ್ಲಿ ಸಾಂಬಾರು ಚೆಲ್ಲಿದ್ದಕ್ಕೆ ಅಪ್ಪ ಸೌಟಲ್ಲಿ ಹೊಡೆದದ್ದು ಮಾರಾಯ್ತಿ, ಆಗ ನನಗೆ ಹದಿನಾಲ್ಕು" ಎಂದು ನಕ್ಕರು.

ಅಷ್ಟಮಿಗೆ ನೀವು ನಮಗೆಲ್ಲ ಚಕ್ಕುಲಿ, ಇವರಿಗೆ ಮಾತ್ರ ಮೆತ್ತಗಿನ ರವೆ ಉಂಡೆ ಕಳಿಸುತ್ತಿದ್ದಿರಿ. ನಿಮಗೆ ಗೊತ್ತಿತ್ತು.

ಈಗ ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ ಗಟ್ಟಿ ಹಲ್ಲು ಕಟ್ಟುತ್ತಾರೆ. ಬರುವ ಅಷ್ಟಮಿಗೆ ಇವರಿಗೂ ಚಕ್ಕುಲಿ ಕಳಿಸಿ.

ಮಾವನ ಫೋಟೋ ಒರೆಸಲೆಂದು ಇಳಿಸಿದ್ದೆ. ಮತ್ತೆ ತೂಗುಹಾಕಲು ಕೈ ಬರುತ್ತಿಲ್ಲ. ಏನು ಮಾಡಲಿ, ತಿಳಿಸಿ.

ನಿಮ್ಮ ಸೊಸೆ
ರಮಾಮಣಿ